ಲೇಸರ್ ಚಿಕಿತ್ಸೆಯ ಬಳಿಕ ನೋಟ

ಸಿದ್ದಾಪುರ ತಾಲ್ಲೂಕಿನ ಬಿಳಗಿಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಕನ್ನಡಕ ಧರಿಸಿದವರ ಪಾಡು ಹೇಳತೀರದು. ಗಾಜಿನ ಮೇಲೆ ಹನಿ ನಿಂತು ಅಡಕೆ ತೋಟದ ದಾರಿಯೂ ಕಾಣದು. ಲೇಸರ್ ಚಿಕಿತ್ಸೆಯಿಂದ ಕನ್ನಡಕದ ಹಂಗು ತಪ್ಪೀತೆಂದು ಹಲವರು ಬಯಸುವುದು ಸಹಜ.

ಮದರಾಸಿನಲ್ಲಿ ಜನಿಸಿದ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್ ಅವರು 1981ರಲ್ಲಿ ಅಮೆರಿಕದ ಐ.ಬಿ.ಎಂ. ಪ್ರಯೋಗಾಲಯದಲ್ಲಿ, ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಣುಕಿನ ಮೇಲೆ ಎಕ್ಸೈಮರ್ ಲೇಸರ್ ಕಿರಣವನ್ನು ಹಾಯಿಸಿದರು. ಸುತ್ತಲೂ ಸುಟ್ಟ ಗುರುತಿಲ್ಲದೆ ಅದು ಗೆರೆ ಕೊರೆದಿತ್ತು! ಲೇಸಿಕ್ ಚಿಕಿತ್ಸೆಗೆ ಇದೇ ಬುನಾದಿ. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾದ ಮೇಲ್ಪದರವನ್ನು ಮುಚ್ಚಳದಂತೆ ಎತ್ತಿ, ಒಳಭಾಗವನ್ನು ಕಿರಣದಿಂದ ತಿದ್ದಿ, ಮತ್ತೆ ಮುಚ್ಚುತ್ತಾರೆ.

ಮರುದಿನವೇ ದೂರದ ಅಕ್ಷರ ಕಂಡು ಹಿಗ್ಗಿದವನು ಕೆಲವೇ ದಿನಗಳಲ್ಲಿ ನೋಟ ಮಸುಕಾಯಿತೆಂದು ಅಂಜುವುದುಂಟು. ಪದರವನ್ನು ಎತ್ತುವಾಗ ಕಾರ್ನಿಯಾದ ಸೂಕ್ಷ್ಮ ನರಗಳು ತುಂಡಾಗಿ, ಕಣ್ಣೀರು ಕುಗ್ಗಿ, ಕಣ್ಣು ಒಣಗುವುದೇ ಇದಕ್ಕೆ ಮುಖ್ಯ ಕಾರಣ. ನೋಟವನ್ನು ತಿಳಿಯಾಗಿಡುವುದು ಆ ಕಣ್ಣೀರಿನ ಪೊರೆಯಲ್ಲವೆ? ಆದುದರಿಂದ ಬೆಳಿಗ್ಗೆ ಸ್ಪಷ್ಟವಾಗಿದ್ದುದು ಸಂಜೆಗೆ ಮಂಜಾದೀತು. ರಾತ್ರಿ ಬಸ್ಸಿನ ದೀಪದ ಸುತ್ತ ಬೆಳಕಿನ ಬಳೆ ತೋರೀತು. ಬಹುಮಟ್ಟಿಗೆ 3ರಿಂದ 6 ತಿಂಗಳೊಳಗೆ ನೋಟ ನೆಲೆಗೊಳ್ಳುತ್ತದೆ. ಮೊದಲ ವಾರಗಳಲ್ಲಿ ಕಣ್ಣುಜ್ಜುವುದಂತೂ ಸಲ್ಲದು, ಪದರ ಜಾರೀತು. ತೀವ್ರ ನೋವು ಕಾಣಿಸಿಕೊಂಡರೆ, ಇಲ್ಲವೆ ನೋಟ ಥಟ್ಟನೆ ಕುಂದಿದರೆ, ಅದೇ ದಿನ ವೈದ್ಯರನ್ನು ಕಾಣಬೇಕು.

18 ವರ್ಷ ತುಂಬದವರಿಗೆ ಸಾಮಾನ್ಯವಾಗಿ ಈ ಚಿಕಿತ್ಸೆಯನ್ನು ಮಾಡುವುದಿಲ್ಲ. ಬೆಳೆಯುವ ವಯಸ್ಸಿನಲ್ಲಿ ಕನ್ನಡಕದ ನಂಬರು ಬದಲಾಗುತ್ತಲೇ ಇರುತ್ತದೆ.