ಮೊದಲ ಸೆಮ್‌ನಲ್ಲೇ ಹಿಡಿದು ನಿಲ್ಲಿಸಿ

ಹುಡುಗ ಕಾಲೇಜು ಬಿಟ್ಟಿದ್ದಾನೆ ಎಂಬ ಸುದ್ದಿ ನಮ್ಮ ಪಾಲಿಟೆಕ್ನಿಕ್‌ಗಳಿಗೆ ಮುಟ್ಟುವುದು ಸಾಮಾನ್ಯವಾಗಿ ಪರೀಕ್ಷಾ ಶುಲ್ಕ ಕಟ್ಟುವ ವಾರದಲ್ಲಿ. ಆಗ ಮನೆಗೆ ಪತ್ರ ಹೋಗುತ್ತದೆ, ಅಪ್ಪ ಕೂಲಿ ಬಿಟ್ಟು ಬಂದು ಎಚ್‌ಒಡಿ ಮುಂದೆ ನಿಲ್ಲುತ್ತಾನೆ, ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಹುಡುಗನೋ ಅಷ್ಟರಲ್ಲಿ ಗ್ಯಾರೇಜಿಗೋ ಡೆಲಿವರಿ ಕೆಲಸಕ್ಕೋ ಸೇರಿ ಕೈಯಲ್ಲಿ ಕಾಸು ನೋಡಿರುತ್ತಾನೆ. ಅವನನ್ನು ಮತ್ತೆ ಬೆಂಚಿಗೆ ತರುವುದು ಸುಲಭವಲ್ಲ.

ಕಾರಣ ಗುಟ್ಟೇನಲ್ಲ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳ ಮುಂದೆ ಒಮ್ಮೆಲೇ ಇಂಗ್ಲಿಷಿನ ಎಂಜಿನಿಯರಿಂಗ್ ಗಣಿತ ಬಂದು ಕೂರುತ್ತದೆ. ಮೂರು ವರ್ಷದ ಕೋರ್ಸಿನ ಹಣೆಬರಹ ಮೊದಲ ಸೆಮಿಸ್ಟರಿನಲ್ಲೇ ಅರ್ಧ ತೀರ್ಮಾನವಾಗುತ್ತದೆ. ಹಾಗಾಗಿ ಕೆಲಸವೂ ಅಲ್ಲಿಂದಲೇ ಶುರುವಾಗಲಿ.

ದಾಖಲಾತಿಯ ದಿನವೇ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ನೋಡಿ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಮಂಜೂರಾಗಿಯೂ ವಿದ್ಯಾರ್ಥಿವೇತನ ಕೈಸೇರದೆ ಒದ್ದಾಡುವವರ ಪೈಕಿ ಬಹಳ ಮಂದಿಗೆ ತೊಡಕಾಗುವುದು ಇಲ್ಲೇ. ಹೆಣ್ಣುಮಕ್ಕಳಿಗೆ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನವಿದೆ: ವರ್ಷಕ್ಕೆ 50,000 ರೂಪಾಯಿ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ಮೀರಿರಬಾರದು. ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿದರೆ ಯಾರೂ ಓದುವುದಿಲ್ಲ. ತರಗತಿಗೆ ಹೋಗಿ, ಅರ್ಹರನ್ನು ಎಬ್ಬಿಸಿ ನಿಲ್ಲಿಸಿ ಮುಜುಗರ ಮಾಡದೆ, ಎಲ್ಲರಿಗೂ ಹೇಳಿ.

ಇನ್ನು ಹಾಜರಿ. ಶೇ 75 ಬೇಕೆಂದರೆ, 16 ವಾರದ ಲೆಕ್ಕದಲ್ಲಿ ನಾಲ್ಕು ವಾರ ಮೀರಿ ತಪ್ಪಿದರೆ ಮುಗಿಯಿತು. ರಿಜಿಸ್ಟರನ್ನು ತಿಂಗಳ ಕೊನೆಗೆ ಕೂಡಿಸುವ ಅಭ್ಯಾಸ ಬಿಡಿ. ಪ್ರತಿ ಶನಿವಾರ ನೋಡಿ. ಸತತ ಮೂರು ದಿನ ಬಾರದವನಿಗೆ ಮೆಂಟರ್ ಫೋನ್ ಮಾಡಲಿ. ಮೊದಲ ಕರೆ ಹುಡುಗನಿಗೇ ಹೋಗಲಿ, ಅಪ್ಪನಿಗಲ್ಲ. ‘ಯಾಕೆ ಬರಲಿಲ್ಲ’ ಎಂದು ಗದರುವುದಕ್ಕಿಂತ ‘ಏನಾಯ್ತಪ್ಪ’ ಎಂದರೆ ನಿಜ ಹೊರಬರುತ್ತದೆ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ: ಹಿಂದುಳಿದವರಿಗೆಂದು ನಡೆಸುವ ವಿಶೇಷ ತರಗತಿ. ಉದ್ದೇಶ ಚಿನ್ನ. ವೇಳೆ? ಕಾಲೇಜು ಬಿಟ್ಟ ಮೇಲೆ, ಸಂಜೆ ನಾಲ್ಕೂವರೆಗೆ. ತಾಲ್ಲೂಕು ಕೇಂದ್ರದ ಪಾಲಿಟೆಕ್ನಿಕ್‌ನಲ್ಲಿ ಗಣಿತದ ಬ್ಯಾಕ್ ಯಾರಿಗೆ ಉಳಿದಿದೆ ಎಂದು ಪಟ್ಟಿ ತೆಗೆಯಿರಿ; ಐದು ಗಂಟೆಯ ಹಳ್ಳಿ ಬಸ್ಸು ಯಾರಿಗೆ ಅಂತ ಇನ್ನೊಂದು ಪಟ್ಟಿ ಮಾಡಿ. ಎರಡರಲ್ಲೂ ಬಹುಪಾಲು ಅವೇ ಹೆಸರು ಕಂಡರೆ ಆಶ್ಚರ್ಯಪಡಬೇಡಿ. ಆ ಬಸ್ಸು ತಪ್ಪಿದರೆ ಮುಂದಿನದು ಯಾವಾಗಲೋ. ಪಾಸ್ ಜೇಬಿನಲ್ಲಿದ್ದು ಏನು ಪ್ರಯೋಜನ, ಬಸ್ಸೇ ಇಲ್ಲದಿದ್ದರೆ? ಕೊನೆಗೆ ತರಗತಿಗೆ ಕೂರುವವರು ಪಾಸಾಗಿಯೇ ಆಗುವ ಊರಿನ ಮಕ್ಕಳು. ಬಾರದವರ ಮೇಲೆ ‘ಆಸಕ್ತಿ ಇಲ್ಲ’ ಎಂಬ ಷರಾ. ಸಂಜೆ ಪೆಟ್ರೋಲ್ ಬಂಕಿನಲ್ಲಿ ದುಡಿದು ಫೀಸು ಹೊಂದಿಸುವವನಿಗೂ ಇದೇ ಗತಿ. ಬೆಳಗಿನ ಮೊದಲ ಗಂಟೆಗೆ ಇಟ್ಟರೂ ಅಷ್ಟೇ, ಹಳ್ಳಿ ಬಸ್ಸು ಆಗಲೂ ತಡ. ವಿಶೇಷ ತರಗತಿ ವೇಳಾಪಟ್ಟಿಯ ಹೊಟ್ಟೆಯೊಳಗೇ ಇರಬೇಕು: ಊಟಕ್ಕೆ ಮುಂಚಿನ ಒಂದು ಗಂಟೆ, ವಾರಕ್ಕೆ ಎರಡು ಸಲ, ಲೈಬ್ರರಿ ಅವಧಿಯನ್ನಾದರೂ ಕಿತ್ತುಕೊಂಡು. ಪ್ರಾಂಶುಪಾಲರು ಒಪ್ಪುವುದಿಲ್ಲ ಎನ್ನುವವರು ಆ ಎರಡು ಪಟ್ಟಿಗಳನ್ನು ಅವರ ಮೇಜಿನ ಮೇಲಿಡಲಿ. ತರಗತಿಯಲ್ಲಿ ಎಐಸಿಟಿಇಯ ಇ-ಕುಂಭ್ ಪೋರ್ಟಲ್‌ನಲ್ಲಿರುವ ಕನ್ನಡ ಪುಸ್ತಕಗಳನ್ನು ಧೈರ್ಯವಾಗಿ ಬಳಸಿ. ವಿಷಯ ತಲೆಗೆ ಹೋದ ಮೇಲೆ ಇಂಗ್ಲಿಷ್ ಪದ ಹೇಗೂ ಬಾಯಿಗೆ ಬರುತ್ತದೆ.

ವರ್ಕ್‌ಶಾಪನ್ನು ಮುಂದಕ್ಕೆ ಹಾಕುತ್ತ ಹೋಗಬೇಡಿ. 1943ರಲ್ಲಿ ಬೆಂಗಳೂರಿನಲ್ಲಿ ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಶುರುವಾಗಿ ಇಂದು ಎಸ್‌ಜೆ ಪಾಲಿಟೆಕ್ನಿಕ್ ಎನಿಸಿಕೊಂಡ ಸಂಸ್ಥೆಯ ಮೊದಲ ಹೆಸರೇ ‘ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್’. ಕೈಗೆ ಕಸುಬು ಕೊಡಲೆಂದೇ ಹುಟ್ಟಿದ ಕೋರ್ಸುಗಳಿವು. ‘ಯಂತ್ರ ಕೆಟ್ಟರೆ ಆಡಿಟ್‌ಗೆ ಉತ್ತರ ಹೇಳುವವರಾರು’ ಎಂದು ಲೇತ್‌ಗೆ ಬಟ್ಟೆ ಹೊದಿಸಿಟ್ಟ ಲ್ಯಾಬ್‌ಗಳಿವೆ. ಗಣಿತದಲ್ಲಿ ಸೋತ ಹುಡುಗ ವೆಲ್ಡಿಂಗ್‌ನಲ್ಲಿ ಗೆದ್ದರೆ ಮಾರನೇ ದಿನವೂ ಬರುತ್ತಾನೆ.

ಲ್ಯಾಟರಲ್ ಎಂಟ್ರಿಯಲ್ಲಿ ನೇರ ಮೂರನೇ ಸೆಮ್‌ಗೆ ಬರುವವರನ್ನು ಬಹುತೇಕ ಮರೆತೇಬಿಡುತ್ತೇವೆ. ಐಟಿಐನಿಂದ ಬಂದವರಿಗೆ ಕೈ ಚುರುಕು, ಸೂತ್ರ ಕಷ್ಟ. ಪಿಯು ವಿಜ್ಞಾನದವರಿಗೆ ಸೂತ್ರ ಗೊತ್ತು, ಫೈಲ್ ಹಿಡಿಯಲು ಬಾರದು. ಲ್ಯಾಬ್‌ನಲ್ಲಿ ಇಬ್ಬರನ್ನೂ ಜೋಡಿ ಮಾಡಿ.

ಇಂಟರ್ನ್‌ಶಿಪ್‌ಗೆ ಕಂಪನಿ ಹುಡುಕುವುದನ್ನು ವಿದ್ಯಾರ್ಥಿಯ ತಲೆಗೆ ಕಟ್ಟಬೇಡಿ. ದುಡ್ಡು ಕೊಟ್ಟು ಸರ್ಟಿಫಿಕೇಟ್ ತರುವ ದಂಧೆ ಬೆಳೆಯುವುದೇ ಅದರಿಂದ. ನಾಲ್ಕನೇ ಸೆಮ್ ಮುಗಿಯುವಷ್ಟರಲ್ಲಿ ಸುತ್ತಲಿನ ಕಾರ್ಖಾನೆಗಳ ಪಟ್ಟಿ ವಿಭಾಗದ ಕೈಯಲ್ಲಿರಲಿ. ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಯಸುವವರಿಗೆ ಕೆಇಎ ನಡೆಸುವ ಡಿಸಿಇಟಿ ಇದೆ ಎಂಬುದನ್ನು ಮೊದಲ ವರ್ಷವೇ ತಿಳಿಸಿ.