ತೆರೆಯ ಬಣ್ಣ, ಕಾಗದದ ಬಣ್ಣ: ಮನೆಯಲ್ಲಿ ಛಾಯಾಚಿತ್ರ ಮುದ್ರಿಸುವವರಿಗೆ ಒಂದು ಪಾಠ

ಗಣಕಯಂತ್ರದ ತೆರೆಯ ಮೇಲೆ ಸೊಗಸಾಗಿ ಕಾಣುವ ಛಾಯಾಚಿತ್ರವು ಕಾಗದಕ್ಕೆ ಇಳಿದಾಗ ಮುಖ ಕೆಂಪೇರಿಯೋ, ಕಪ್ಪಿಟ್ಟೋ, ಹಸುರು ಛಾಯೆ ತಳೆದೋ ಬರುವುದು ಮನೆಯಲ್ಲಿ ಫೋಟೋ ಪ್ರಿಂಟರ್ ಬಳಸುವವರಿಗೆಲ್ಲ ಪರಿಚಿತವಾದ ಅನುಭವ. ಹೀಗಾದಾಗ ಜನರು ಸಾಮಾನ್ಯವಾಗಿ ಯಂತ್ರವನ್ನೋ ಶಾಯಿಯನ್ನೋ ದೂರುತ್ತಾರೆ. ಆದರೆ ಬಹುತೇಕ ಸಂದರ್ಭಗಳಲ್ಲಿ ಯಂತ್ರವು ತನಗೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿರುತ್ತದೆ. ಹೇಳಿದವರು ಇಬ್ಬರು ಎಂಬುದೇ ತೊಂದರೆಯ ಮೂಲ.

ಮುಂಬಯಿಯ ಆಂಟಾಪ್ ಹಿಲ್‌ನಲ್ಲಿ ಕೇಂದ್ರ ಸರ್ಕಾರಿ ನೌಕರರ ದೊಡ್ಡ ವಸತಿ ಸಮುಚ್ಚಯವಿದೆ. ಜನರ ಬಾಯಲ್ಲಿ ಅದು ಸಿ.ಜಿ.ಎಸ್. ಕಾಲೊನಿ. 1926ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಷನ್ ಇರುವ ಮಾಟುಂಗವು ಅಲ್ಲಿಂದ ದೂರವಿಲ್ಲ. ಕರ್ನಾಟಕದಿಂದ ನೌಕರಿಗೆಂದು ಹೋದ ಕುಟುಂಬವೊಂದನ್ನು ಈ ಪಾಠಕ್ಕಾಗಿ ಅಲ್ಲಿ ಕಲ್ಪಿಸಿಕೊಳ್ಳೋಣ. ಊರಿನಲ್ಲಿ ತಾಯಿ ತೀರಿಕೊಂಡಿದ್ದಾರೆ. ಇಳಕಲ್ ಸೀರೆಯುಟ್ಟು 1980ರ ದಶಕದಲ್ಲಿ ತೆಗೆಸಿಕೊಂಡ ಒಂದೇ ಒಂದು ವರ್ಣಚಿತ್ರ ಮಗನ ಬಳಿ ಉಳಿದಿದೆ. ಉತ್ತರಕ್ರಿಯೆಗೆ ಹೊರಡುವ ಮುನ್ನ ಅದನ್ನು ದೊಡ್ಡದಾಗಿ ಮುದ್ರಿಸಿ, ಕಟ್ಟು ಹಾಕಿಸಿ ಒಯ್ಯಬೇಕು. ರಾತ್ರಿಯಾಗಿದೆ, ಅಂಗಡಿಗಳು ಮುಚ್ಚಿವೆ, ಫೋಟೋ ಕಾಗದ ಉಳಿದಿರುವುದು ಐದೇ ಹಾಳೆ. ಮೊದಲನೆಯ ಹಾಳೆಯಲ್ಲಿ ತಾಯಿಯ ಮುಖ ಇಟ್ಟಿಗೆಯಂತೆ ಕೆಂಪಾಗಿ ಬಂದಿದೆ. ಉಳಿದ ನಾಲ್ಕು ಹಾಳೆಗಳನ್ನು ವ್ಯರ್ಥಮಾಡದೆ ದೋಷವನ್ನು ಕಂಡುಹಿಡಿಯುವುದು ಹೇಗೆ?

ಬೆಳಕಿನ ಬಣ್ಣ, ಶಾಯಿಯ ಬಣ್ಣ

ತೆರೆಯು ಬೆಳಕನ್ನು ಹೊರಸೂಸುತ್ತದೆ. ಕೆಂಪು, ಹಸುರು, ನೀಲಿ ಬೆಳಕುಗಳು ಸಮಪ್ರಮಾಣದಲ್ಲಿ ಕೂಡಿದರೆ ಬಿಳುಪು ಉಂಟಾಗುತ್ತದೆ. ಕಾಗದವಾದರೋ ತನ್ನ ಮೇಲೆ ಬಿದ್ದ ಬೆಳಕನ್ನು ಹಿಂದಿರುಗಿಸುವುದಷ್ಟೇ. ಶಾಯಿಯು ಅದರಲ್ಲಿ ಒಂದು ಪಾಲನ್ನು ಹೀರಿಕೊಳ್ಳುತ್ತದೆ. ಸಯಾನ್ ಎಂಬ ತಿಳಿ ಹಸುರುನೀಲಿ ಶಾಯಿಯು ಕೆಂಪು ಬೆಳಕನ್ನೂ, ಮೆಜೆಂತಾ ಎಂಬ ನೇರಳೆಗೆಂಪು ಶಾಯಿಯು ಹಸುರು ಬೆಳಕನ್ನೂ, ಹಳದಿ ಶಾಯಿಯು ನೀಲಿ ಬೆಳಕನ್ನೂ ಹೀರುತ್ತವೆ. ಈ ಮೂರರ ಜೊತೆಗೆ ಕಪ್ಪು ಶಾಯಿ ಇರುತ್ತದೆ. ಎಪ್ಸನ್ ಎಲ್805ರಂತಹ ಆರು ಶಾಯಿಗಳ ಯಂತ್ರಗಳಲ್ಲಿ ಮುಖದ ನವುರಾದ ಛಾಯೆಗಳಿಗಾಗಿ ತಿಳಿ ಸಯಾನ್ ಮತ್ತು ತಿಳಿ ಮೆಜೆಂತಾ ಸಹ ಇರುತ್ತವೆ.

ತೆರೆಯಲ್ಲಿ ಕಾಣುವ ಎಲ್ಲ ಬಣ್ಣಗಳನ್ನೂ ಶಾಯಿಯಿಂದ ಪಡೆಯಲಾಗದು. ಗಿಳಿಹಸುರಿನ ರೇಷ್ಮೆ ಸೀರೆ, ಅಚ್ಚ ನೀಲಿಯ ಅಂಚು ಕಾಗದದ ಮೇಲೆ ತುಸು ಮಂಕಾಗಿಯೇ ಬರುತ್ತವೆ. ಇದು ದೋಷವಲ್ಲ, ಮಾಧ್ಯಮದ ಮಿತಿ. ಆದರೆ ಮನುಷ್ಯರ ಮೈಬಣ್ಣವು ಈ ಮಿತಿಯ ಒಳಗೇ ಇರುವಂಥದು. ಆದ್ದರಿಂದ ಮುಖದ ಬಣ್ಣ ಕೆಟ್ಟಿದ್ದರೆ ಸರಿಪಡಿಸಬಹುದಾದ ತಪ್ಪೊಂದು ಎಲ್ಲೋ ಇದೆಯೆಂದೇ ತಿಳಿಯಬೇಕು.

ಮೊದಲು ಯಂತ್ರ, ಅನಂತರ ಚಿತ್ರ

ಪರೀಕ್ಷೆಯ ಮೊದಲ ಹೆಜ್ಜೆಗೆ ಫೋಟೋ ಕಾಗದ ಬೇಡ, ಸಾಧಾರಣ ಬಿಳಿ ಹಾಳೆ ಸಾಕು. ಪ್ರತಿಯೊಂದು ಪ್ರಿಂಟರಿನ ನಿರ್ವಹಣಾ ವಿಭಾಗದಲ್ಲೂ ನಾಜಲ್ ಪರೀಕ್ಷೆ ಎಂಬ ವ್ಯವಸ್ಥೆಯಿರುತ್ತದೆ. ಶಾಯಿ ಚಿಮ್ಮುವ ಸೂಕ್ಷ್ಮ ರಂಧ್ರಗಳೆಲ್ಲ ತೆರೆದಿವೆಯೇ ಎಂಬುದನ್ನು ಇದು ಗೆರೆಗಳ ಮೂಲಕ ತೋರಿಸುತ್ತದೆ. ಈ ನಮೂನೆಯನ್ನು ಯಂತ್ರವು ತನ್ನಷ್ಟಕ್ಕೆ ತಾನೇ ಮುದ್ರಿಸುವುದರಿಂದ ಬಣ್ಣದ ಹೊಂದಾಣಿಕೆಗಳು ಅದನ್ನು ಮುಟ್ಟುವುದಿಲ್ಲ. ಗೆರೆಗಳು ಅಖಂಡವಾಗಿದ್ದರೆ ತಪ್ಪು ಬೇರೆಡೆ ಇದೆ. ಗೆರೆಗಳು ಮುರಿದಿದ್ದರೆ ಡ್ರೈವರಿನ ಆಯ್ಕೆಗಳನ್ನು ಎಷ್ಟು ತಿರುವಿದರೂ ಫಲವಿಲ್ಲ. ಸಯಾನ್ ಕಟ್ಟಿಕೊಂಡರೆ ಚಿತ್ರ ಕೆಂಪಿನತ್ತ, ಮೆಜೆಂತಾ ಕಟ್ಟಿಕೊಂಡರೆ ಹಸುರಿನತ್ತ, ಹಳದಿ ಕಟ್ಟಿಕೊಂಡರೆ ನೀಲಿಯತ್ತ ವಾಲುತ್ತದೆ.

ಬೇಸಿಗೆ ರಜೆಗೆ ಊರಿಗೆ ಹೋಗಿ ತಿಂಗಳು ಕಳೆದು ಮರಳಿದವರ ಮನೆಯಲ್ಲಿ ರಂಧ್ರಗಳು ಕಟ್ಟಿಕೊಂಡಿರುವುದು ಅಪರೂಪವಲ್ಲ. ಆಗ ಯಂತ್ರದ ಶುದ್ಧೀಕರಣ ಕ್ರಿಯೆಯನ್ನು ಒಂದೆರಡು ಸಲ ನಡೆಸಬಹುದು. ಸರಿಹೋಗದಿದ್ದರೆ ಕೆಲವು ಗಂಟೆ ಬಿಡುವು ಕೊಟ್ಟು ಮತ್ತೆ ನೋಡುವುದು ಲೇಸು. ಈ ಕ್ರಿಯೆಯಲ್ಲಿ ಹರಿಯುವ ಶಾಯಿಯೆಲ್ಲ ಯಂತ್ರದೊಳಗಿನ ಹೀರುಪಟ್ಟಿಯನ್ನು ಸೇರುತ್ತದೆ. ಅದು ತುಂಬಿತೆಂದರೆ ಯಂತ್ರ ಕೆಲಸವನ್ನೇ ನಿಲ್ಲಿಸಬಹುದು. ವಾರಕ್ಕೊಮ್ಮೆ ಒಂದು ವರ್ಣಪುಟ ಮುದ್ರಿಸುವುದು ಇದಕ್ಕಿಂತ ಅಗ್ಗದ ಉಪಾಯ.

ಯಂತ್ರ ಸರಿಯಿದೆಯೆಂದು ಖಚಿತವಾದ ಬಳಿಕ ಮೂಲಚಿತ್ರವನ್ನೇ ಸಂಶಯಿಸಬೇಕು. ನಮ್ಮ ಉದಾಹರಣೆಯಲ್ಲಿ ಇದು ಮುಖ್ಯ. ಆ ಕಾಲದ ವರ್ಣಚಿತ್ರಗಳನ್ನು ಆಲ್ಬಮ್ಮಿನಲ್ಲಿ, ಕತ್ತಲೆಯಲ್ಲಿ ಜೋಪಾನವಾಗಿ ಇಟ್ಟಿದ್ದರೂ ಅವುಗಳಲ್ಲಿನ ಸಯಾನ್ ಬಣ್ಣವು ಸಾಮಾನ್ಯವಾಗಿ ಮೊದಲು ಮಾಸುತ್ತದೆ, ಚಿತ್ರ ಕೆಂಪಾಗುತ್ತದೆ. ಸ್ಕ್ಯಾನರ್ ಆ ಕೆಂಪನ್ನೇ ಪ್ರಾಮಾಣಿಕವಾಗಿ ನಕಲು ಮಾಡುತ್ತದೆ. ಇಂತಹ ಚಿತ್ರಕ್ಕೆ ಬೇಕಾದ ತಿದ್ದುಪಡಿಯನ್ನು ಚಿತ್ರದ ಕಡತದಲ್ಲಿಯೇ ಮಾಡಬೇಕು. ಡ್ರೈವರಿನಲ್ಲಿ ಕೆಂಪನ್ನು ಇಳಿಸಿಟ್ಟರೆ ಮರುದಿನ ಮುದ್ರಿಸುವ ಮಗುವಿನ ಫೋಟೋ ಹಸುರಾಗಿ ಬರುತ್ತದೆ, ಕಾರಣ ಮಾತ್ರ ಯಾರಿಗೂ ನೆನಪಿರುವುದಿಲ್ಲ.

ತಪ್ಪು ಚಿತ್ರದ್ದೋ ವ್ಯವಸ್ಥೆಯದ್ದೋ ಎಂದು ತಿಳಿಯಲು ಒಂದು ಪರೀಕ್ಷಾಚಿತ್ರವನ್ನು ಕಡತದಲ್ಲಿ ಸಿದ್ಧವಾಗಿಟ್ಟುಕೊಳ್ಳಬೇಕು. ಕಪ್ಪಿನಿಂದ ಬಿಳುಪಿನವರೆಗಿನ ಬೂದುಬಣ್ಣದ ಪಟ್ಟಿ ಮತ್ತು ಬೇರೆ ಬೇರೆ ಮೈಬಣ್ಣದ ಕೆಲವು ಮುಖಗಳು ಅದರಲ್ಲಿರಲಿ. ಬೂದುಪಟ್ಟಿಯಲ್ಲಿ ಯಾವ ಛಾಯೆಯೂ ಇಣುಕದಿದ್ದರೆ ವ್ಯವಸ್ಥೆ ಸರಿಯಿದೆ, ದೋಷ ಚಿತ್ರದ್ದು. ಮುಖಗಳ ಆಯ್ಕೆಯ ಬಗ್ಗೆ ಒಂದು ಮಾತು. ಕೊಡಕ್ ಸಂಸ್ಥೆಯು 1950ರ ದಶಕದಿಂದ ಸಂಸ್ಕರಣಾಲಯಗಳಿಗೆ ಕಳಿಸುತ್ತಿದ್ದ, ‘ಶರ್ಲಿ ಕಾರ್ಡ್’ ಎಂದು ಹೆಸರಾದ ಮಾದರಿಚಿತ್ರಗಳಲ್ಲಿ ದೀರ್ಘಕಾಲ ಇದ್ದುದು ಬಿಳಿಯ ಮಹಿಳೆಯ ಮುಖ. ಆ ಮುಖಕ್ಕೆ ಹೊಂದಿಸಿದ ಮುದ್ರಣದಲ್ಲಿ ಕಂದು ಮೈಬಣ್ಣದವರ ಮುಖಗಳಿಗೆ ನ್ಯಾಯ ದೊರೆಯಲಿಲ್ಲ. ನಮ್ಮ ಪರೀಕ್ಷಾಚಿತ್ರದಲ್ಲಿ ನಮ್ಮವರ ಮುಖಗಳಿರುವುದೇ ಯುಕ್ತ. ಇದನ್ನು ಮುದ್ರಿಸಲು ಪೂರ್ಣ ಹಾಳೆ ಅನಾವಶ್ಯಕ. ಫೋಟೋ ಕಾಗದದ ಒಂದು ಮೂಲೆಯಲ್ಲಿ ಮೂರು ನಾಲ್ಕು ಸೆಂಟಿಮೀಟರಿನ ಪಟ್ಟಿ ಸಾಲುತ್ತದೆ. ಅದೇ ಹಾಳೆಯನ್ನು ತಿರುಗಿಸಿ ಮತ್ತೊಂದು ಮೂಲೆಯನ್ನು ಇನ್ನೊಂದು ಪರೀಕ್ಷೆಗೆ ಬಳಸಬಹುದು.

ಒಂದು ಕೆಲಸಕ್ಕೆ ಇಬ್ಬರು

ಬೂದುಪಟ್ಟಿಯೂ ಬಣ್ಣಗೆಟ್ಟಿದ್ದರೆ ಈಗ ಡ್ರೈವರಿನ ಕಡೆಗೆ ತಿರುಗಬೇಕು. ಡ್ರೈವರ್ ಎಂಬುದು ಗಣಕಯಂತ್ರದ ಸಂದೇಶವನ್ನು ಪ್ರಿಂಟರಿನ ಭಾಷೆಗೆ ತಿರುಗಿಸಿ ಒಪ್ಪಿಸುವ ತಂತ್ರಾಂಶ. ಅದರಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದುದು ಕಾಗದದ ಬಗೆ. ಹೊಳಪಿನ ಫೋಟೋ ಕಾಗದವನ್ನು ಹಾಕಿ ಡ್ರೈವರಿನಲ್ಲಿ ಸಾಧಾರಣ ಕಾಗದವೆಂದು ಬಿಟ್ಟಿದ್ದರೆ ಶಾಯಿಯ ಪ್ರಮಾಣ ತಪ್ಪುತ್ತದೆ. ಕೆಲವು ಯಂತ್ರಗಳಲ್ಲಿ ಹೊಳಪು ಕಾಗದಕ್ಕೆ ಅಂಟದ ಕಪ್ಪು ಶಾಯಿ ಬಳಕೆಯಾಗಿ ಕೈಗೆ ಮೆತ್ತುತ್ತದೆ. ಕಾಗದದ ಬಗೆಗಳ ಪಟ್ಟಿಯೇ ಕಾಣದಿದ್ದರೆ, ಗಣಕಯಂತ್ರವು ಎಲ್ಲ ಪ್ರಿಂಟರುಗಳಿಗೂ ಸಲ್ಲುವ ಸಾಮಾನ್ಯ ಡ್ರೈವರನ್ನು ತಾನೇ ಅಳವಡಿಸಿಕೊಂಡಿರಬಹುದು. ತಯಾರಕರು ಕೊಡುವ ಪೂರ್ಣ ಡ್ರೈವರನ್ನು ಅವರ ತಾಣದಿಂದ ಪಡೆದು ಹಾಕಿಕೊಳ್ಳಬೇಕು. ಬೇರೆ ತಯಾರಕರ ಪ್ರಿಂಟರ್ ಡ್ರೈವರುಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಒದಗಿಸುವುದನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2023ರಲ್ಲಿ ಪ್ರಕಟಿಸಿತು. ಆದ್ದರಿಂದ ಈ ಎಚ್ಚರಿಕೆ ಈಗ ಇನ್ನೂ ಅಗತ್ಯ.

ಇನ್ನು ಬಣ್ಣದ ನಿರ್ವಹಣೆ. ಒಂದೊಂದು ಯಂತ್ರವೂ ಬಣ್ಣವನ್ನು ತನ್ನದೇ ರೀತಿಯಲ್ಲಿ ತೋರಿಸುತ್ತದೆ. ಈ ರೀತಿಯನ್ನು ಅಳೆದು ಬರೆದಿಟ್ಟ ಕಡತಕ್ಕೆ ಪ್ರೊಫೈಲ್ ಎನ್ನುತ್ತಾರೆ. ಯಂತ್ರದ ಬಣ್ಣದ ಜಾತಕವೆಂದರೂ ಸಲ್ಲುತ್ತದೆ. ಎಲ್ಲರ ಜಾತಕಗಳೂ ಒಂದೇ ಕ್ರಮದಲ್ಲಿರಲಿ ಎಂಬ ಉದ್ದೇಶದಿಂದ 1993ರಲ್ಲಿ ಅಂತರರಾಷ್ಟ್ರೀಯ ವರ್ಣ ಒಕ್ಕೂಟವು ಸ್ಥಾಪಿತವಾಯಿತು. 1996ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ವರ್ಣಮಾನವನ್ನು ಸೂಚಿಸಿದವು. 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಮನೆಯ ಕೆಲಸಕ್ಕೆ ಚಿತ್ರವನ್ನು ಈ ಮಾನದಲ್ಲಿ ಉಳಿಸಿಕೊಂಡರೆ ತೊಡಕು ಕಡಿಮೆ.

ಚಿತ್ರದ ಬಣ್ಣವನ್ನು ಪ್ರಿಂಟರಿನ ಜಾತಕಕ್ಕೆ ಹೊಂದಿಸುವ ಕೆಲಸವನ್ನು ಚಿತ್ರ ತಿದ್ದುವ ತಂತ್ರಾಂಶವೂ ಮಾಡಬಲ್ಲದು, ಡ್ರೈವರೂ ಮಾಡಬಲ್ಲದು. ಇಬ್ಬರೂ ಮಾಡಿದರೆ ಕೆಡುತ್ತದೆ. ಅತ್ತೆ ಉಪ್ಪು ಹಾಕಿದ ಸಾರಿಗೆ ಸೊಸೆಯೂ ತಿಳಿಯದೆ ಉಪ್ಪು ಹಾಕಿದಂತೆ. ಹೀಗೆ ಎರಡು ಬಾರಿ ತಿದ್ದಿದ ಚಿತ್ರಗಳಲ್ಲಿ ಮುಖ ಕೆಂಪಿನತ್ತ ಅಥವಾ ಮೆಜೆಂತಾದತ್ತ ವಾಲಿ ಗಾಢವಾಗಿ ಬರುವುದೇ ಹೆಚ್ಚು. ಇಬ್ಬರೂ ಕೈಬಿಟ್ಟರೆ ಬಣ್ಣ ಪೇಲವವಾಗಬಹುದು. ಮೊದಲನೆಯ ಹಾಳೆಯ ಇಟ್ಟಿಗೆಗೆಂಪಿಗೆ ಮಾಸಿದ ಮೂಲಚಿತ್ರದ ಜೊತೆಗೆ ಇದೂ ಕಾರಣವಾಗಿರಬಹುದು; ಒಂದರ ಹಿಂದೆ ಇನ್ನೊಂದು ಅಡಗಿರುವುದರಿಂದಲೇ ಬೂದುಪಟ್ಟಿಯ ಪರೀಕ್ಷೆಯನ್ನು ಬಿಡಬಾರದು.

ಯಾರು ಮಾಡಬೇಕೆಂಬುದನ್ನು ಮೊದಲೇ ನಿಶ್ಚಯಿಸಬೇಕು. ಫೋಟೋಶಾಪಿನಂತಹ ತಂತ್ರಾಂಶ ಬಳಸುವವರು ಮುದ್ರಣದ ಕಿಟಕಿಯಲ್ಲಿ ‘ಫೋಟೋಶಾಪ್ ಮ್ಯಾನೇಜಸ್ ಕಲರ್ಸ್’ ಎಂಬುದನ್ನು ಆರಿಸಿ, ತಮ್ಮ ಪ್ರಿಂಟರಿಗೂ ಕಾಗದಕ್ಕೂ ಹೊಂದುವ ಪ್ರೊಫೈಲನ್ನು ತೋರಿಸಿ, ಡ್ರೈವರಿನ ತಿದ್ದುಪಡಿಯನ್ನು ಮುಚ್ಚಬೇಕು. ಎಪ್ಸನ್ ಡ್ರೈವರಿನಲ್ಲಿ ಇದಕ್ಕೆ ‘ನೋ ಕಲರ್ ಅಡ್ಜಸ್ಟ್‌ಮೆಂಟ್’ ಎಂದೂ, ಕ್ಯಾನನ್ ಡ್ರೈವರಿನಲ್ಲಿ ಬಣ್ಣದ ಹೊಂದಾಣಿಕೆಯ ಪುಟದಲ್ಲಿ ‘ನನ್’ ಎಂದೂ ಇರುತ್ತದೆ. ಮಾದರಿಗೆ ತಕ್ಕಂತೆ ಈ ಆಯ್ಕೆ ಒಂದೆರಡು ಪುಟ ಒಳಗೆ ಅಡಗಿರಬಹುದು, ಹುಡುಕಿ ನೋಡಬೇಕು. ಇಂತಹ ತಂತ್ರಾಂಶವಿಲ್ಲದವರು ಕೆಲಸವನ್ನು ಪೂರ್ತಿಯಾಗಿ ಡ್ರೈವರಿಗೇ ಬಿಟ್ಟು, ಕಾಗದದ ಬಗೆಯನ್ನು ಸರಿಯಾಗಿ ತಿಳಿಸಿದರೆ ಆಯಿತು. ತಯಾರಕರ ಶಾಯಿ ಮತ್ತು ಅವರದೇ ಕಾಗದವನ್ನು ಬಳಸುವವರಿಗೆ ಈ ಎರಡನೆಯ ಮಾರ್ಗವೇ ಮೇಲು ಎಂಬುದು ಈ ಲೇಖಕನ ಅಭಿಪ್ರಾಯ. ಬೇರೆ ಶಾಯಿ, ಬೇರೆ ಕಾಗದ ಬಳಸಿದಲ್ಲಿ ತಯಾರಕರ ಪ್ರೊಫೈಲ್ ಸುಳ್ಳು ಜಾತಕದಂತಾಗುತ್ತದೆ. ಆ ಕಾಗದದವರು ಪ್ರೊಫೈಲ್ ಕೊಡುತ್ತಾರೆಯೇ ಎಂದು ವಿಚಾರಿಸಬೇಕು.

ಶಾಯಿಗೆ ಎಟುಕದ ಬಣ್ಣಗಳನ್ನು ಹೇಗೆ ಒಳತರಬೇಕೆಂಬ ಆಯ್ಕೆಯಲ್ಲಿ ‘ಪರ್ಸೆಪ್ಚುಯಲ್’ ಅಥವಾ ‘ರಿಲೇಟಿವ್ ಕಲರಿಮೆಟ್ರಿಕ್’ ಇವೆರಡರಲ್ಲಿ ಒಂದು ಸಾಕು. ಉಳಿದವು ಛಾಯಾಚಿತ್ರಕ್ಕೆ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ತೆರೆಯ ಪ್ರಭೆ, ಕೊಠಡಿಯ ಬೆಳಕು

ಬಣ್ಣ ಸರಿಯಿದ್ದೂ ಚಿತ್ರ ಕಪ್ಪಾಗಿ ಬಂದಿತೆಂಬ ದೂರಿಗೆ ಹೆಚ್ಚಾಗಿ ಕಾರಣ ತೆರೆಯ ಅತಿಯಾದ ಪ್ರಭೆ. ಅಂಗಡಿಯಲ್ಲಿ ಕಣ್ಸೆಳೆಯಲೆಂದು ತೆರೆಗಳ ಪ್ರಭೆಯನ್ನು ಏರಿಸಿಟ್ಟಿರುತ್ತಾರೆ. ಮುದ್ರಣದ ಕೆಲಸಕ್ಕೆ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಪ್ರಭೆ ಸಾಕಾಗುತ್ತದೆ. ಅಳೆಯುವ ಉಪಕರಣವಿಲ್ಲದವರು ತೆರೆಯಲ್ಲಿ ಖಾಲಿ ಬಿಳಿ ಪುಟವನ್ನು ತೆರೆದು, ಪಕ್ಕದಲ್ಲಿ ಒಳ್ಳೆಯ ಬೆಳಕು ಬಿದ್ದ ಬಿಳಿ ಹಾಳೆಯನ್ನು ಹಿಡಿದು, ಎರಡೂ ಸರಿಸುಮಾರು ಒಂದೇ ತೆರನಾಗಿ ಕಾಣುವವರೆಗೆ ಪ್ರಭೆಯನ್ನು ಇಳಿಸಬಹುದು. ರಾತ್ರಿ ಕಣ್ಣಿಗೆ ಹಿತವಾಗಲೆಂದು ತೆರೆಯನ್ನು ಹಳದಿಯಾಗಿಸುವ ಸೌಲಭ್ಯವನ್ನು ಆರಿಸಿಟ್ಟಿರಬೇಕು. ರಾತ್ರಿಯ ಹೊತ್ತು ಚಿತ್ರ ತಿದ್ದುವವರು ಇದನ್ನು ಮರೆಯುವುದುಂಟು.

ಚಿತ್ರವನ್ನು ನೋಡುವ ಬೆಳಕೂ ಮೋಸ ಮಾಡೀತು. ಅಗ್ಗದ ಎಲ್‌ಇಡಿ ದೀಪದಡಿ ಕೆಂಪು ಬಣ್ಣಗಳು ಮಂಕಾಗಿ ಕಾಣಬಹುದು. ರಾತ್ರಿ ಮುದ್ರಿಸಿದ್ದನ್ನು ಬೆಳಗ್ಗೆ ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಕಡೆ ನೋಡಿ ನಿರ್ಣಯಿಸುವುದು ಒಳಿತು. ಹೊರಡಲು ಸಮಯವಿಲ್ಲದವರು ಕನಿಷ್ಠಪಕ್ಷ ಬೂದುಪಟ್ಟಿಯನ್ನು ಪಕ್ಕದಲ್ಲಿಟ್ಟು ಹೋಲಿಸಲಿ. ದೀಪದ ಬಣ್ಣ ಎರಡರ ಮೇಲೂ ಒಂದೇ ರೀತಿ ಬೀಳುತ್ತದೆ.

ಮುಂಬಯಿಯಂತಹ ಕಡಲತೀರದ ಊರಿನಲ್ಲಿ ಮಳೆಗಾಲದ ತೇವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತೆರೆದಿಟ್ಟ ಫೋಟೋ ಕಾಗದವು ತೇವವನ್ನು ಹೀರಿ ಸುರುಳಿಯಾಗುತ್ತದೆ, ಶಾಯಿ ಹರಡುತ್ತದೆ. ಬೇಕಾದಷ್ಟೇ ಹಾಳೆ ತೆಗೆದು ಉಳಿದದ್ದನ್ನು ಗಾಳಿಯಾಡದ ಚೀಲದಲ್ಲಿ ಮುಚ್ಚಿಡಬೇಕು. ಮುದ್ರಿಸಿದ ಚಿತ್ರವನ್ನು ಸಾಧ್ಯವಾದರೆ ಒಂದು ದಿನ ಒಣಗಲು ಬಿಡಬೇಕು, ಅಷ್ಟರಲ್ಲಿ ಬಣ್ಣವೂ ನೆಲೆಗೊಳ್ಳುತ್ತದೆ. ಕಟ್ಟು ಹಾಕಿಸುವಾಗ ಗಾಜಿಗೂ ಚಿತ್ರಕ್ಕೂ ನಡುವೆ ರಟ್ಟಿನ ಅಂಚು ಕೊಟ್ಟು ಅಂತರ ಉಳಿಸುವಂತೆ ಕಟ್ಟಿನವರಿಗೆ ಹೇಳಬೇಕು. ಇಲ್ಲವಾದರೆ ಎರಡು ಮಳೆಗಾಲ ಕಳೆಯುವುದರೊಳಗೆ ಚಿತ್ರವು ಗಾಜಿಗೆ ಅಂಟಿಕೊಂಡೀತು. ಸರಿಯಾಗಿ ಬಂದ ಹಾಳೆಯ ಬೆನ್ನಿಗೆ ಕಾಗದದ ಬಗೆ, ಪ್ರೊಫೈಲಿನ ಹೆಸರು, ಡ್ರೈವರಿನ ಆಯ್ಕೆ ಇವನ್ನು ಪೆನ್ಸಿಲಿನಲ್ಲಿ ಬರೆದಿಟ್ಟರೆ ಊರಿನ ಅಣ್ಣತಮ್ಮಂದಿರು ತಮಗೂ ಒಂದೊಂದು ಪ್ರತಿ ಬೇಕೆಂದಾಗ ಮೊದಲಿನಿಂದ ಹುಡುಕುವ ಕೆಲಸವಿರುವುದಿಲ್ಲ.