ಔಷಧದ ಪ್ರಮಾಣ: ಅನುಪಾತದ ಒಂದು ಪಾಠ

ಉದ್ದೇಶ: ಭಿನ್ನರಾಶಿ ಹಾಗೂ ಅನುಪಾತಗಳ ಅರಿವನ್ನು ದೃಢಪಡಿಸುವುದು; ಔಷಧದ ಶೀಶೆಯ ಮೇಲಿನ ಬರಹವನ್ನು ಓದುವ ಸಾಮರ್ಥ್ಯವನ್ನು ಬೆಳೆಸುವುದು.

ಗಡಿನಾಡಿನ ಅನೇಕ ಮನೆಗಳಲ್ಲಿ ಔಷಧದ ಬರಹವನ್ನು ಹಿರಿಯರಿಗೆ ಓದಿ ಹೇಳುವವರು ಶಾಲೆಗೆ ಹೋಗುವ ಮಕ್ಕಳೇ. ಆದ್ದರಿಂದ ‘ದೊಡ್ಡವರ ಮಾತ್ರೆಯಲ್ಲಿ ಅರ್ಧ ಕೊಟ್ಟರಾಯಿತು’ ಎಂಬ ರೂಢಿಯ ಎಣಿಕೆಯನ್ನು ತರಗತಿಯಲ್ಲಿ ಪರೀಕ್ಷೆಗೆ ಒಡ್ಡುವುದು ಉಚಿತ.

1. ವಯಸ್ಸಿನ ಸೂತ್ರ: ಹಿಂದೆ ಬಳಕೆಯಲ್ಲಿದ್ದ ಯಂಗ್ ಸೂತ್ರದಂತೆ, ಮಗುವಿನ ವಯಸ್ಸನ್ನು ಅದೇ ವಯಸ್ಸಿಗೆ 12 ಕೂಡಿಸಿದ ಮೊತ್ತದಿಂದ ಭಾಗಿಸಿ, ವಯಸ್ಕರ ಪ್ರಮಾಣದಿಂದ ಗುಣಿಸಬೇಕು. 6 ವರ್ಷಕ್ಕೆ 6/18, ಅಂದರೆ 1/3. ವಯಸ್ಕರ ಪ್ರಮಾಣ 500 ಮಿ.ಗ್ರಾಂ. ಆದರೆ ಉತ್ತರ ಸುಮಾರು 167 ಮಿ.ಗ್ರಾಂ. ಬಳಿಕ 40 ವರ್ಷಕ್ಕೆ ಲೆಕ್ಕ ಮಾಡಿಸಿರಿ: 40/52. ನಡುವಯಸ್ಸಿನವರಿಗೂ ಪೂರ್ಣ ಪ್ರಮಾಣ ದೊರೆಯದು! ಸೂತ್ರಕ್ಕೂ ಮೇರೆಯುಂಟೆಂಬುದನ್ನು ಮಕ್ಕಳೇ ಕಂಡುಕೊಳ್ಳಲಿ.

2. ತೂಕದ ಲೆಕ್ಕ: ಇಂದು ವೈದ್ಯರು ಹೆಚ್ಚಾಗಿ ತೂಕವನ್ನು ಆಧರಿಸುತ್ತಾರೆ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್, ಒಂದು ಬಾರಿಗೆ, ಪ್ರತಿ ಕಿಲೋಗ್ರಾಂ ತೂಕಕ್ಕೆ 10ರಿಂದ 15 ಮಿ.ಗ್ರಾಂ. ಆರು ವರ್ಷದ ಇಬ್ಬರು ಮಕ್ಕಳಲ್ಲಿ ಒಬ್ಬನ ತೂಕ 15 ಕಿ.ಗ್ರಾಂ., ಇನ್ನೊಬ್ಬಳದು 24 ಕಿ.ಗ್ರಾಂ. ಎಂದಿರಲಿ. ಮೊದಲನೆಯವನಿಗೆ 150–225, ಎರಡನೆಯವಳಿಗೆ 240–360 ಮಿ.ಗ್ರಾಂ. ವಯಸ್ಸಿನ ಸೂತ್ರವು ಇಬ್ಬರಿಗೂ 167 ಎಂದೇ ಹೇಳಿತ್ತು. ಈ ವ್ಯತ್ಯಾಸದ ಕಾರಣವನ್ನು ಚರ್ಚಿಸಿರಿ.

3. ಶೀಶೆಯ ಲೆಕ್ಕ: ಒಂದು ಸಿರಪ್ಪಿನಲ್ಲಿ 5 ಮಿ.ಲೀ.ಗೆ 120 ಮಿ.ಗ್ರಾಂ., ಮತ್ತೊಂದರಲ್ಲಿ 5 ಮಿ.ಲೀ.ಗೆ 250 ಮಿ.ಗ್ರಾಂ. ಔಷಧವಿರುತ್ತದೆ. ಹಸುಗೂಸುಗಳ ಹನಿ ಔಷಧದಲ್ಲಿ 1 ಮಿ.ಲೀ.ಗೇ 100 ಮಿ.ಗ್ರಾಂ. ಇರುವುದುಂಟು. ಹನಿ ಔಷಧವನ್ನು ಸಿರಪ್ಪೆಂದು ಬಗೆದು 5 ಮಿ.ಲೀ. ಕುಡಿಸಿದರೆ ಎಷ್ಟಾಯಿತು? 500 ಮಿ.ಗ್ರಾಂ.: ದೊಡ್ಡವರ ಒಂದು ಮಾತ್ರೆ. ಹೆಸರೊಂದೇ ಸಾಲದು, ಅಂಕಿಯನ್ನೂ ಓದಬೇಕೆಂಬುದು ಇಲ್ಲಿಯ ತಿರುಳು.

ಚಟುವಟಿಕೆ: ಔಷಧದ ಬರಿಯ ರಟ್ಟಿನ ಪೆಟ್ಟಿಗೆಗಳನ್ನು ತರಿಸಿ, 1 ಮಿ.ಲೀ.ಗೆ ಎಷ್ಟು ಮಿ.ಗ್ರಾಂ. ಎಂಬುದನ್ನು ಬರೆಯಿಸಿರಿ. ಮನೆಯ ಮೂರು ಬಗೆಯ ಚಮಚಗಳಲ್ಲಿ ಹಿಡಿಯುವ ನೀರನ್ನು ಅಳತೆಯ ಮುಚ್ಚಳದಿಂದ ಅಳೆಯಿಸಿರಿ. ಔಷಧವನ್ನು ತರಗತಿಗೆ ತರಿಸಬಾರದು.

ಶಿಕ್ಷಕರ ಗಮನಕ್ಕೆ: ಮಗುವೆಂದರೆ ಕುಗ್ಗಿಸಿದ ವಯಸ್ಕನಲ್ಲ. ಎಳೆಯ ಕೂಸುಗಳ ಯಕೃತ್ತು, ಮೂತ್ರಪಿಂಡಗಳು ಇನ್ನೂ ಬಲಿತಿರುವುದಿಲ್ಲ. ಜ್ವರದ ಮಗುವಿಗೆ ಆಸ್ಪಿರಿನ್ ಅನ್ನು ಭಾಗಿಸಿ ಕೊಡುವುದೂ ಸಲ್ಲದು. ರೇ ಸಿಂಡ್ರೋಮ್ ಎಂಬ ಮಾರಕ ವ್ಯಾಧಿಯ ಭಯವುಂಟು. ಈ ಪಾಠವು ಲೆಕ್ಕವನ್ನು ಪರಿಶೀಲಿಸಲು ಕಲಿಸುತ್ತದೆ. ಪ್ರಮಾಣವನ್ನು ನಿರ್ಧರಿಸುವ ಅಧಿಕಾರ ವೈದ್ಯರದು. ಸಂದೇಹ ಬಂದಾಗ ಕೇಳುವ ಧೈರ್ಯ ಮಕ್ಕಳಲ್ಲಿ ಮೂಡಿದರೆ ಪಾಠ ಸಾರ್ಥಕ.